ಎರಡು ಬಾಯಿಯ ಚೀಲ

ಹೊಲಿಗೆಗೆ ಹೊಸಬರಾದವರು ಚೀಲದಿಂದಲೇ ಆರಂಭಿಸಬೇಕೆಂದು ಬಲ್ಲವರೆಲ್ಲ ಹೇಳುತ್ತಾರೆ. ಅವರು ಕೊಡುವ ಕಾರಣವೂ ಒಪ್ಪುವಂಥದ್ದೇ. ಅಂಗಿಯಾಗಲಿ ರವಿಕೆಯಾಗಲಿ ಒಂದು ಮೈಗೆ ಹೊಂದಬೇಕು. ತೋಳು ಬಿಗಿಯಾಯಿತು, ಕೊರಳು ಜಾರಿತು ಎಂದು ಆ ಮೈಯ ಒಡೆಯರು ಕನ್ನಡಿಯ ಮುಂದೆ ನಿಂತು ತಕರಾರು ತೆಗೆಯುತ್ತಾರೆ. ಚೀಲಕ್ಕೆ ಅಂಥ ಮೈಯಿಲ್ಲ. ಅರ್ಧ ಅಂಗುಲ ಚಿಕ್ಕದಾದರೂ ದೊಡ್ಡದಾದರೂ ಅದು ಚೀಲವೇ. ಈ ಮಾತನ್ನು ನಂಬಿ ನಾನು ಹೊಲಿಗೆ ಯಂತ್ರದ ಮುಂದೆ ಕುಳಿತೆ. ಸಾದಾ ಚೀಲವೊಂದನ್ನು ಹೊಲಿದು ಎದ್ದಿದ್ದರೆ ಬರೆಯುವುದಕ್ಕೇನೂ ಇರುತ್ತಿರಲಿಲ್ಲ. ಆದರೆ ಮೊದಲ ಚೀಲವೇ ಕ್ವಿಲ್ಟ್ ಮಾಡಿದ ಕೈಚೀಲವಾಗಬೇಕೆಂಬ ಆಸೆ ನನಗೆ ಹುಟ್ಟಿತು. ಈಜು ಬಾರದವನು ದಡದ ನೀರು ಕೆಸರೆಂದು ನೆಪ ಹೇಳಿ ನಡುಹೊಳೆಯನ್ನು ಆರಿಸಿಕೊಂಡ ಹಾಗೆ.

ಕೌದಿಯನ್ನು ಕಂಡವರಿಗೆ ಕ್ವಿಲ್ಟಿಂಗನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯದೋ ಪಾಲಿಯೆಸ್ಟರಿನದೋ ತೆಳುವಾದ ಹಾಸು. ಈ ಮೂರೂ ಒಂದನ್ನೊಂದು ಬಿಟ್ಟು ಸರಿಯದಂತೆ ಉದ್ದಕ್ಕೂ ಅಡ್ಡಕ್ಕೂ ಹಾಕುವ ಹೊಲಿಗೆ. ಹೊಲಿಗೆ ಬಿದ್ದ ಕಡೆ ತಗ್ಗು, ಬೀಳದ ಕಡೆ ಉಬ್ಬು. ಈ ತಗ್ಗು ಉಬ್ಬುಗಳ ಅಂದಕ್ಕೆ ನಾವು ಮರುಳಾಗುತ್ತೇವಾದರೂ ಅದು ಅಂದಕ್ಕೆಂದೇ ಹುಟ್ಟಿದ್ದಲ್ಲ. ಮಧ್ಯಯುಗದ ಯುರೋಪಿನ ಸೈನಿಕರು ಕಬ್ಬಿಣದ ಕವಚ ಮೈಗೆ ಒತ್ತದಿರಲೆಂದು, ಏಟಿನ ಭಾರ ಎಲುಬಿಗೆ ತಾಗದಿರಲೆಂದು ಅದರ ಅಡಿಯಲ್ಲಿ ಹೀಗೆಯೇ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರು. ಯುದ್ಧದ ಅಂಗಿಗೆ ಬೇಕಾಗಿದ್ದ ಹೊಲಿಗೆ ಸೊಗಸಿನ ಕೈಚೀಲಕ್ಕೂ ಬಂತು. 1955ರ ಫೆಬ್ರವರಿಯಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಹೊರತಂದ ಸರಪಳಿ ಹಿಡಿಕೆಯ ಕ್ವಿಲ್ಟ್ ಚೀಲಕ್ಕೆ ಆ ತಿಂಗಳು ಮತ್ತು ವರ್ಷವನ್ನೇ ಸೇರಿಸಿ 2.55 ಎಂದು ಹೆಸರಾಯಿತು. ನನ್ನ ಕಣ್ಣಿನಲ್ಲಿಯೂ ಇದ್ದದ್ದು ಅಂಥ ವಜ್ರಾಕಾರದ ಗೆರೆಗಳೇ. ಕೈಯಲ್ಲಿ ಏನಿದೆಯೆಂದು ಕಣ್ಣು ವಿಚಾರಿಸಲಿಲ್ಲ.

ಮೊದಲ ತಪ್ಪು ಕತ್ತರಿಯದು. ಚೀಲದ ಎರಡು ಹಾಳೆಗಳನ್ನೂ ಒಳಗಿನ ಅಸ್ತರನ್ನೂ ಹದಿನಾಲ್ಕು ಅಂಗುಲ ಅಗಲಕ್ಕೆ ಒಟ್ಟಿಗೇ, ಬಹಳ ಕರಾರುವಾಕ್ಕಾಗಿ ಕತ್ತರಿಸಿಟ್ಟೆ. ಹೀಗೆ ಮಾಡಬಾರದು. ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ಹಾಸಿನೊಳಕ್ಕೆ ಎಳೆದುಕೊಳ್ಳುವುದರಿಂದ ಕ್ವಿಲ್ಟ್ ಆದ ಬಟ್ಟೆ ಕುಗ್ಗುತ್ತದೆ. ಗೆರೆಗಳು ಹತ್ತಿರವಾದಷ್ಟೂ ಕುಗ್ಗುವುದು ಹೆಚ್ಚು. ಆದ್ದರಿಂದ ತಿಳಿದವರು ಮೊದಲು ದೊಡ್ಡ ತುಂಡನ್ನು ಕ್ವಿಲ್ಟ್ ಮಾಡಿಕೊಂಡು, ಬಳಿಕ ಅದರಿಂದ ಬೇಕಾದ ಅಳತೆಯನ್ನು ಕತ್ತರಿಸುತ್ತಾರೆ. ನಾನು ಮೊದಲೇ ಅಳೆದು ಕತ್ತರಿಸಿದ್ದರಿಂದ ಹೊರಬಟ್ಟೆ ಕುಗ್ಗಿತು, ಗೆರೆಗಳ ಗೊಡವೆಯೇ ಇಲ್ಲದ ಅಸ್ತರು ಹದಿನಾಲ್ಕು ಅಂಗುಲವಾಗಿಯೇ ಉಳಿಯಿತು. ಒಂದೇ ದಿನ ಒಂದೇ ಅಳತೆಯಲ್ಲಿ ಹುಟ್ಟಿದ ಅವೆರಡೂ ಮುಂದೆ ಭೇಟಿಯಾದಾಗ ಒಂದು ಇನ್ನೊಂದರೊಳಗೆ ಹಿಡಿಸದೆ ಹೋಯಿತು.

ಎರಡನೆಯದು ಗೆರೆಗಳ ಪಾಡು. ಸ್ಕೇಲಿಟ್ಟು ಚಾಕ್‌ನಿಂದ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ ಗೆರೆಗಳು ಹೊಲಿಯುವ ಮೊದಲು ನೇರವಾಗಿಯೇ ಇದ್ದವು. ಯಂತ್ರದ ಕೆಳಗಡೆಯಿರುವ ಪುಟ್ಟ ಹಲ್ಲುಗಳು ಅಡಿಯ ಬಟ್ಟೆಯನ್ನು ಹಿಂದಕ್ಕೆ ಸಾಗಿಸುತ್ತವೆ. ಮೇಲಿನಿಂದ ಒತ್ತಿ ಹಿಡಿದಿರುವ ಪಾದಕ್ಕೆ ಮೇಲಿನ ಬಟ್ಟೆಯನ್ನು ಸಾಗಿಸುವ ಜವಾಬ್ದಾರಿಯಿಲ್ಲ. ಒಂದೆರಡು ತೆಳು ಪದರವಿದ್ದಾಗ ಇದು ತಿಳಿಯುವುದೇ ಇಲ್ಲ. ನಡುವೆ ಮೆತ್ತನೆಯ ಹಾಸು ಬಂದೊಡನೆ ಅಡಿಯ ಬಟ್ಟೆ ಮುಂದೆ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಬಿದ್ದು ಗೆರೆಯ ಕೊನೆಯಲ್ಲಿ ಮುದುಡಿಕೊಂಡು ನಿಲ್ಲುತ್ತದೆ. ಇದಕ್ಕೆಂದೇ ಮೇಲಿನ ಬಟ್ಟೆಯನ್ನೂ ಹಿಡಿದು ನಡೆಸುವ ವಾಕಿಂಗ್ ಫುಟ್ ಎಂಬ ಪಾದವಿದೆ. ಅದಿಲ್ಲದವರು ಅಂಗೈಯಗಲಕ್ಕೊಂದರಂತೆ ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಗಂಚಿನ ಕಡೆಗೆ ಹೊಲಿಯುತ್ತ ಬರಬೇಕು. ನಾಲ್ಕು ಮೂಲೆಗೆ ನಾಲ್ಕು ಗುಂಡುಸೂಜಿ ಸಾಕೆಂದು ತೀರ್ಮಾನಿಸಿದ್ದ ನಾನು ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚನ್ನು ತಲುಪುವಷ್ಟರಲ್ಲಿ ವಜ್ರಗಳೆಲ್ಲ ಗಾಳಿಗೆ ಸಿಕ್ಕ ಗಾಳಿಪಟಗಳಾಗಿದ್ದವು.

ಇಷ್ಟಾದ ಮೇಲೆ ಗೆರೆಯೊಂದನ್ನು ಅದ್ಭುತವಾಗಿ ಹೊಲಿದೆ. ಮರುಗೆರೆಯೂ ಹಾಗೆಯೇ ಬಂತು. ಮೂರನೆಯದನ್ನು ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದರೆ, ಯಂತ್ರದ ಕೆಳಗಿನ ದಾರವನ್ನು ಸುತ್ತಿಡುವ ಪುಟ್ಟ ಉರುಳೆಯಾದ ಬಾಬಿನ್‌ನ ದಾರ ಎಂದೋ ಮುಗಿದಿತ್ತು. ಈ ಯಂತ್ರದ ಹೊಲಿಗೆಯೆಂದರೆ ಎರಡು ದಾರಗಳ ಒಪ್ಪಂದ. 1846ರಲ್ಲಿ ಎಲಿಯಾಸ್ ಹೌ ಎಂಬ ಅಮೆರಿಕದವನು ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಹತ್ತಿರವೇ ಇತ್ತು. ಕೈಸೂಜಿಯಲ್ಲಿ ಹಿಂಬದಿಯಲ್ಲಿರುವ ಕಣ್ಣು ಮೊನೆಗೆ ಬಂದದ್ದರಿಂದ ಸೂಜಿ ಬಟ್ಟೆಯನ್ನು ದಾಟಿ ಪೂರ್ತಿ ಆಚೆ ಹೋಗಬೇಕಾಗಿಲ್ಲ, ಮೇಲಿನ ದಾರದ ಒಂದು ಕುಣಿಕೆಯನ್ನು ಕೆಳಗಿಳಿಸಿದರೆ ಸಾಕು. ಆ ಕುಣಿಕೆಯೊಳಗೆ ಕೆಳಗಿನ ದಾರ ಹಾಯ್ದಾಗ ಹೊಲಿಗೆ ಗಂಟು ಬೀಳುತ್ತದೆ. ಕೆಳಗೆ ದಾರವೇ ಇಲ್ಲದಿದ್ದರೂ ಯಂತ್ರ ಅದೇ ಸದ್ದು ಮಾಡುತ್ತದೆ, ಸೂಜಿ ಅದೇ ವೇಗದಲ್ಲಿ ಏರಿಳಿಯುತ್ತದೆ, ಹೊಲಿಯುವವರ ಮುಖದಲ್ಲಿ ಅದೇ ನೆಮ್ಮದಿಯಿರುತ್ತದೆ. ನನ್ನ ಜೀವನದ ಅತ್ಯಂತ ನೇರವಾದ ಮೂರು ಗೆರೆಗಳು ಬರೀ ತೂತುಗಳಾಗಿದ್ದವು.

ಹಿಡಿಕೆಯ ಬುಡದಲ್ಲಿ ಸೂಜಿ ಮುರಿಯಿತು. ಲೆಕ್ಕ ಹಾಕಿದರೆ ತಪ್ಪು ಸೂಜಿಯದಲ್ಲ: ಕ್ವಿಲ್ಟಿನ ಪದರ ಮೂರು, ನಾಲ್ಕು ಮಡಿಕೆ ಮಾಡಿದ ಹಿಡಿಕೆಯದು ನಾಲ್ಕು, ಅಸ್ತರಿನದು ಒಂದು, ಒಟ್ಟು ಎಂಟು. ರವಿಕೆಯ ಬಟ್ಟೆಗೆಂದು ಹಾಕಿದ್ದ ಸಪೂರ ಸೂಜಿಯನ್ನೇ ಅಲ್ಲಿಗೂ ಓಡಿಸಿದ್ದೆ. ಮುಕ್ಕಾಲು ಮಿಲಿಮೀಟರಿನ 75ನೇ ನಂಬರಿನ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪದ 100ನೇ ನಂಬರಿನದನ್ನು ಹಾಕಿ, ಹೊಲಿಗೆಯಂಚಿನೊಳಗಿನ ಹಾಸನ್ನು ಕತ್ತರಿಸಿ ತೆಳುವಾಗಿಸಿ, ಗಾಲಿಯನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆಯನ್ನು ದಾಟಿಸಿದ ಮೇಲೆ ಹಿಡಿಕೆ ನಿಂತಿತು. ಇಡೀ ಚೀಲದಲ್ಲಿ ನಾನು ನಾಚದೆ ತೋರಿಸಬಹುದಾದ ಭಾಗವೆಂದರೆ ಅದೊಂದೇ.

ಚೀಲಕ್ಕೆ ಮೈಯಿಲ್ಲವೆಂದವರು ಹೇಳದೆ ಬಿಟ್ಟ ಸಂಗತಿಯೊಂದಿದೆ: ಬಟ್ಟೆಗೆ ಒಳಮೈ ಹೊರಮೈ ಎಂದು ಎರಡೆರಡು ಮೈಗಳಿವೆ, ಚೀಲವನ್ನು ಹೊಲಿಯುವುದೆಲ್ಲ ಅದು ಒಳಮೈ ಹೊರಗೆ ಮಾಡಿಕೊಂಡಿರುವಾಗಲೇ. ಎರಡು ಹಾಳೆಗಳ ಹೊರಮೈ ಒಂದಕ್ಕೊಂದು ಮುಖ ಮಾಡಿರುವಂತಿಟ್ಟು ಪಕ್ಕ ಮತ್ತು ತಳವನ್ನು ಹೊಲಿಯಬೇಕು. ಕೆಳಮೂಲೆಗಳನ್ನು ಪಕ್ಕದ ಹೊಲಿಗೆ ತಳದ ಹೊಲಿಗೆಯ ಮೇಲೆ ಕೂರುವಂತೆ ತ್ರಿಕೋನವಾಗಿ ಹಿಡಿದು ಅಡ್ಡ ಹೊಲಿಯಬೇಕು. ಆ ಅಡ್ಡಗೆರೆ ನಾಲ್ಕು ಅಂಗುಲವಿದ್ದರೆ ಚೀಲಕ್ಕೆ ನಾಲ್ಕು ಅಂಗುಲದ ತಳ ಬಂದು ಅದು ನೆಲದ ಮೇಲೆ ತಾನೇ ಕೂರುತ್ತದೆ. ಅಸ್ತರಿಗೂ ಇದೇ ಸಂಸ್ಕಾರ, ಆದರೆ ಅದರ ಪಕ್ಕದಲ್ಲಿ ಐದು ಅಂಗುಲದಷ್ಟನ್ನು ಹೊಲಿಯದೆ ಬಿಡಬೇಕು. ಬಳಿಕ ಹೊರಚೀಲವನ್ನು ತಿರುವಿ ಅಸ್ತರಿನೊಳಗೆ ಇಳಿಸಿ, ಹಿಡಿಕೆಗಳನ್ನು ನಡುವೆ ತಲೆಕೆಳಗಾಗಿ ಅಡಗಿಸಿ, ಬಾಯಿಯ ಸುತ್ತ ಹೊಲಿದುಬಿಡಬೇಕು. ಆಗ ಕೈಯಲ್ಲಿ ಉಳಿಯುವುದು ಚೀಲವಲ್ಲ, ಬಾಯಿಯೇ ಇಲ್ಲದ ಒಂದು ಮುದ್ದೆ. ಬಿಟ್ಟಿದ್ದ ಐದು ಅಂಗುಲದ ಕಿಂಡಿಯೊಳಗೆ ಕೈಹಾಕಿ ಎಳೆದರೆ ಹಿಡಿಕೆ ಬರುತ್ತದೆ, ಅದರ ಹಿಂದೆ ಮೂಲೆ, ಮೂಲೆಯ ಹಿಂದೆ ವಜ್ರಗಳ ಬೆನ್ನು. ಎಳೆದಷ್ಟೂ ಬರುತ್ತ, ಕೊನೆಗೆ ಇಷ್ಟು ಹೊತ್ತು ಎಲ್ಲಿತ್ತೋ ಎನ್ನುವಂತೆ ಇಡೀ ಚೀಲ ಮೊಳಕಾಲ ಮೇಲೆ ಬಂದು ಕೂರುತ್ತದೆ. ಹಿಂದಿನ ತಪ್ಪುಗಳನ್ನೆಲ್ಲ ನಾನು ಆ ಒಂದು ನಿಮಿಷಕ್ಕೆ ಮನ್ನಿಸಿದ್ದೇನೆ.

ಮನ್ನಿಸದೆ ಉಳಿದದ್ದು ಒಳಜೇಬು. ಅಸ್ತರನ್ನು ಉದ್ದವಾದ ಒಂದೇ ತುಂಡಾಗಿ ಕತ್ತರಿಸಿ, ತಳದಲ್ಲಿ ಮಡಿಸುವ ಮೊದಲು ಅದರ ಮೇಲೆ ಜೇಬು ಹೊಲಿದಿದ್ದೆ. ಹಾಸಿದ ಬಟ್ಟೆಯಲ್ಲಿ ಮೇಲು ಕೆಳಗೆಂಬುದು ಕಾಣುವುದಿಲ್ಲ. ಮಡಿಸಿದ ಮೇಲಷ್ಟೇ ಹುಟ್ಟುತ್ತದೆ. ಮ್ಯಾಗ್ನೆಟ್ ಬಟನ್ನನ್ನು ಅಸ್ತರು ಮುಚ್ಚುವ ಮೊದಲೇ ಕೂರಿಸಬೇಕೆಂಬುದನ್ನು ಮರೆಯದೆ ಮಾಡಿ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ. ಚೀಲವನ್ನು ತಿರುವಿ ಒಳಗೆ ಕೈಹಾಕಿದರೆ, ಜೇಬು ತಲೆಕೆಳಗಾಗಿ, ತಳದ ಕಡೆಗೆ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಮೇಲಾಗಿ ಕುಗ್ಗದೆ ಉಳಿದಿದ್ದ ಆ ಅಸ್ತರು, ದೊಡ್ಡವರ ಅಂಗಿ ತೊಟ್ಟ ಮಗುವಿನ ತೋಳಿನಂತೆ, ಹೊರಚೀಲದೊಳಗೆ ಸುಕ್ಕುಸುಕ್ಕಾಗಿ ಕುಳಿತಿತ್ತು.

ಜೇಬನ್ನು ಸರಿಪಡಿಸುವುದು ಕಷ್ಟವೇನಲ್ಲ. ಅದೇ ಕಿಂಡಿಯ ಮೂಲಕ ಚೀಲವನ್ನು ಮತ್ತೆ ಒಳಹೊರಗು ಮಾಡಿ, ಜೇಬನ್ನು ಬಿಚ್ಚಿ, ತಿರುಗಿಸಿ ಹೊಲಿದು, ಅಸ್ತರಿನ ಪಕ್ಕಗಳನ್ನು ಒಂದಿಷ್ಟು ಒಳಗೆ ಹಿಡಿದರಾಯಿತು. ಹಾಗಾಗಿ ಕಿಂಡಿಯನ್ನು ಮುಚ್ಚದೆ, ನಾಳೆ ಮಾಡೋಣವೆಂದು ಬಿಟ್ಟೆ. ಆ ನಾಳೆ ಬರುವ ಮೊದಲೇ ಚೀಲ ಹೆಗಲೇರಿತು. ಈಗ ಅದಕ್ಕೆ ಎರಡು ಬಾಯಿ: ಮ್ಯಾಗ್ನೆಟ್ ಹಾಕಿ ಮುಚ್ಚುವುದೊಂದು, ಯಾವಾಗಲೂ ತೆರೆದಿರುವುದೊಂದು. ಒಳಗೆ ಹಾಕಿದ ಚಿಲ್ಲರೆ, ಪೆನ್ನು, ಬೀಗದ ಕೈಗಳೆಲ್ಲ ಸುಕ್ಕಿನ ಹಾದಿ ಹಿಡಿದು ಎರಡನೆಯ ಬಾಯಿಯೊಳಗೆ ನುಸುಳಿ, ಅಸ್ತರಿಗೂ ಕ್ವಿಲ್ಟಿಗೂ ನಡುವಿನ ಕತ್ತಲಲ್ಲಿ ಸೇರಿಕೊಳ್ಳುತ್ತವೆ. ಬಾಗಿಲ ಮುಂದೆ ನಿಂತು ನಾನು ಚೀಲವನ್ನು ಹೊರಗಿನಿಂದ ವಜ್ರ ವಜ್ರವಾಗಿ ಒತ್ತುತ್ತ ಬರುತ್ತೇನೆ. ಎಲ್ಲೋ ಒಂದು ಕಡೆ ಮೆತ್ತಗಿನ ಹಾಸಿನ ಕೆಳಗೆ ಬೀಗದ ಕೈ ಸಿಕ್ಕುತ್ತದೆ. ಸಿಕ್ಕಿದ್ದನ್ನು ಬೆರಳಿನಿಂದ ತಳ್ಳುತ್ತ ತಳ್ಳುತ್ತ ಕಿಂಡಿಯವರೆಗೆ ನಡೆಸಿಕೊಂಡು ಬರಬೇಕು.