1950 ಆರಂಭದ ವರ್ಷವಲ್ಲ, ವಿಲೀನದ ವರ್ಷ

ಸ್ಕೌಟ್ಸ್ ಚಳವಳಿ ನಮ್ಮ ದೇಶದಲ್ಲಿ 1950ರಲ್ಲಿ ಹುಟ್ಟಿತೆಂದು, ಅದರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿರುವುದು ಸರಿಯಲ್ಲ. ಈ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಪ್ರಾಯೋಗಿಕ ಶಿಬಿರ ನಡೆಸಿದ ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ಅದು ನಮ್ಮ ಬೆಂಗಳೂರಿಗೇ ಬಂದಿತ್ತು. ಆದರೆ ಆಗ ಅದರಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಈ ತಾರತಮ್ಯಕ್ಕೆ ಉತ್ತರವೆಂಬಂತೆ ಮದರಾಸಿನಲ್ಲಿ ಆನಿ ಬೆಸೆಂಟ್ ಅವರೂ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರೂ ನಮ್ಮ ಮಕ್ಕಳಿಗಾಗಿಯೇ ಸಂಘಗಳನ್ನು ಕಟ್ಟಿದರು. 1950ರ ನವೆಂಬರ್ 7ರಂದು ನಡೆದದ್ದು ಇಂಥ ಸಂಘಗಳ ವಿಲೀನ. ಬಾಲಕಿಯರ ಗೈಡ್ಸ್ ಸಂಘ ಅದಕ್ಕೆ ಸೇರಿಕೊಂಡದ್ದು 1951ರ ಆಗಸ್ಟ್ 15ರಂದು.

ಲೇಖಕರು ಸ್ಕೌಟ್ಸ್ ಚಳವಳಿಯನ್ನು ‘ಸಮವಸ್ತ್ರದ ಕವಾಯತು’ ಎಂದು ಕರೆದಿರುವುದಕ್ಕೂ ನನ್ನ ಆಕ್ಷೇಪವಿದೆ. ಮೈಸೂರಿನಲ್ಲಿ ಸ್ಕೌಟ್ ಆಗಿದ್ದಾಗ ನಮ್ಮ ಮೇಷ್ಟ್ರು ಮೊದಲು ಕಲಿಸಿದ್ದು ಕವಾಯತನ್ನಲ್ಲ, ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ಗಂಟನ್ನು: ಬಲದ ತುದಿ ಎಡದ ಮೇಲೆ, ಮತ್ತೆ ಎಡದ್ದು ಬಲದ ಮೇಲೆ. ತಪ್ಪಿದರೆ ಗಂಟು ಜಾರುತ್ತದೆ. ಸರಿಯಾಗಿ ಬಿಗಿದರೆ ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೆ ಅದನ್ನೇ ಬಳಸುತ್ತಾರೆ. ಜಂಬೂಸವಾರಿಯ ಜನಸಂದಣಿಯಲ್ಲಿ, ಮೊಣಕಾಲು ತರಚಿಕೊಂಡು ಅಳುತ್ತಿದ್ದ ಹುಡುಗನೊಬ್ಬನಿಗೆ ನನ್ನ ಕೊರಳಿನ ಸ್ಕಾರ್ಫನ್ನೇ ಬಿಚ್ಚಿ ಆ ಗಂಟು ಹಾಕಿದ್ದೆ. ಸ್ಕಾರ್ಫ್ ಮರಳಿ ಬರಲಿಲ್ಲ, ಅದು ಬೇರೆ ಮಾತು.