ಡೆನ್ವರ್‌ನಲ್ಲಿ ಬೇಯದ ಬೇಳೆ

“ಅದು ಗಾಳಿ, ಮಾವ” ಅಂದರು ಅಳಿಯಂದಿರು.

ಅಮೆರಿಕದ ಡೆನ್ವರ್‌ನಲ್ಲಿ, ಕೂರ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಕೂತಿದ್ದೆವು. ಹುಡುಗನೊಬ್ಬ ಆಗಷ್ಟೇ ಚೆಂಡನ್ನು ಬೇಲಿಯಾಚೆ ಅಟ್ಟಿದ್ದ. ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದ ನಾನು ತೆಪ್ಪಗೆ ಕೂತೆ. ಮಗಳ ಮನೆಗೆ ಬಂದು ಮೂರು ವಾರವಾಯಿತು, ಎಲ್ಲಕ್ಕೂ ಇದೊಂದೇ ಉತ್ತರ. ಮೆಟ್ಟಿಲು ಹತ್ತಿ ಏದುಸಿರು ಬಂತೆ? ಗಾಳಿ. ತುಟಿ ಒಡೆಯಿತೆ? ಗಾಳಿ. ಊರಿಂದ ತಂದ ಕೋಡುಬಳೆ ಪೊಟ್ಟಣ ದಿಂಬಿನ ಹಾಗೆ ಊದಿಕೊಂಡಿತೆ? ಅದೂ ಗಾಳಿ.

ಊರು ಇರುವುದು 5,280 ಅಡಿ ಎತ್ತರದಲ್ಲಿ, ಅಂದರೆ ಒಂದು ಮೈಲಿ. ಅದನ್ನು ಸಾರಲು ಮೇಲಂತಸ್ತಿನ ಇಪ್ಪತ್ತನೇ ಸಾಲಿನ ಕುರ್ಚಿಗಳಿಗೆ ನೇರಳೆ ಬಣ್ಣ ಬೇರೆ. ಗಾಳಿ ತೆಳು, ಹೊಡೆದ ಚೆಂಡನ್ನು ತಡೆಯುವುದಿಲ್ಲ. ಎಸೆಯುವವನು ಎಷ್ಟು ತಿರುಚಿ ಬಿಟ್ಟರೂ ಚೆಂಡು ಬೇಕಾದಷ್ಟು ಬಾಗುವುದಿಲ್ಲ. ಪಾಪ, ಎಸೆಯುವವರ, ಅಂದರೆ ಪಿಚರ್‌ಗಳ ಬೇಳೆ ಇಲ್ಲಿ ಬೇಯುವುದಿಲ್ಲ.

ಬೇಳೆ ಅಂದೆನಲ್ಲ, ನಮ್ಮದೂ ಬೇಯಲಿಲ್ಲ. ಬಂದ ಮಾರನೆಯ ದಿನವೇ ಮಗಳ ಕುಕ್ಕರಿನ ಗ್ಯಾಸ್ಕೆಟ್ ಕೈಕೊಟ್ಟಿತು. “ನಮ್ಮಜ್ಜಿ ಏನು ಕುಕ್ಕರ್ ಇಟ್ಕೊಂಡಿದ್ರಾ?” ಎಂದು ನನ್ನವಳು ಪಾತ್ರೆಯಲ್ಲೇ ತೊಗರಿಬೇಳೆ ಇಟ್ಟಳು. ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ. ನೀರು ಕೊತಕೊತ ಕುದಿಯಿತು. ಮುಕ್ಕಾಲು ಗಂಟೆಯಾದ ಮೇಲೆ ಸೌಟಿನಲ್ಲಿ ಎತ್ತಿ ಹಿಸುಕಿದರೆ ಬೇಳೆ ಇನ್ನೂ ಕಟಕಟ. ಮತ್ತೊಂದು ಲೋಟ ನೀರು ಸುರಿದಳು. ಮೊದಲು ಬೈಗುಳ ಬಿದ್ದದ್ದು ಒಲೆಗೆ, ಆಮೇಲೆ ಅಂಗಡಿಯವನಿಗೆ, ಕೊನೆಗೆ ಬೇಳೆ ಆರಿಸಿ ತಂದ ನನಗೆ. “ಹಳೇ ಬೇಳೆ ಕಂಡ್ರೆ ನಿಮಗೆ ಗೊತ್ತಾಗಲ್ವೇನ್ರೀ?” ಅಳಿಯಂದಿರು ಕೋಣೆಯಿಂದ ಬಂದು, ಇಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತೆ, ಅದಕ್ಕೇ ಬೇಯೋದು ನಿಧಾನ ಅಂದರು. ನಾನು ಖುಲಾಸೆಯಾದೆ. ಆದರೆ ಆ ಸಾರನ್ನು ಉಣ್ಣುವ ಶಿಕ್ಷೆ ಮಾತ್ರ ತಪ್ಪಲಿಲ್ಲ: ತಿಳಿ ಮೇಲೆ, ಬೇಳೆ ತಳದಲ್ಲಿ, ನಡುವೆ ಯಾವ ಸಂಬಂಧವೂ ಇಲ್ಲ.

ಒಣಹವೆಗೆ ಚೆಂಡು ಗಟ್ಟಿಯಾಗಿ ಹೆಚ್ಚು ಪುಟಿಯುತ್ತದೆಂದು 2002ರಿಂದ ಇಲ್ಲಿ ಚೆಂಡುಗಳನ್ನು ತೇವ ಕಾಯುವ ಕೋಣೆಯಲ್ಲಿ ಇಡುತ್ತಾರಂತೆ. ಇದನ್ನು ಕೇಳಿದ್ದೇ ನನ್ನವಳು, “ನೋಡಿ, ಚೆಂಡನ್ನೂ ನೆನೆಹಾಕ್ತಾರೆ. ಬೇಳೆ ನೆನೆಸ್ತೀನಿ ಅಂದ್ರೆ ನಿಮಗೆ ಅವಸರ” ಅಂದಳು. ಕೇಸು ಮತ್ತೆ ತೆರೆಯಿತು.

ಹೊಡೆಯುವ ತುದಿಯಿಂದ ಪಿಚರ್ ನಿಲ್ಲುವ ದೂರ 60 ಅಡಿ 6 ಅಂಗುಲ, ಆ ಆರು ಅಂಗುಲವನ್ನೂ ಬಿಡದ ಜನ ಬೇಲಿಯನ್ನು ಮಾತ್ರ ಊರಿಗೊಂದು ಥರ ಹಾಕಿಕೊಂಡಿದ್ದಾರೆ. ಬಾಸ್ಟನ್ನಿನಲ್ಲಿ ಎಡಕ್ಕೆ 310 ಅಡಿಗೇ ಬೇಲಿ, ಆದರೆ ಅದು 37 ಅಡಿಯ ಗೋಡೆ. ಇಲ್ಲಿ ಗಾಳಿಗೆ ಹೆದರಿ ನಡುವಿನ ಬೇಲಿಯನ್ನು 415 ಅಡಿಗೆ ತಳ್ಳಿದರು. ಬಯಲು ದೊಡ್ಡದಾಯಿತು, ಚೆಂಡು ಬೀಳಲು ಖಾಲಿ ಜಾಗವೂ ಹೆಚ್ಚಾಯಿತು. ರನ್ನು ಕಡಿಮೆಯಾಗಲಿಲ್ಲ.

ನನಗೆ ಉರಿಯುವುದು ಲ್ಯಾರಿ ವಾಕರ್ ವಿಷಯಕ್ಕೆ. 1997ರಲ್ಲಿ ಈ ಊರಿನ ತಂಡಕ್ಕೆ ಆಡಿ 49 ಹೋಮ್ ರನ್, ಅಂದರೆ ಚೆಂಡು ಬೇಲಿ ದಾಟುವ ಹೊಡೆತ, ಹೊಡೆದ ಆಸಾಮಿ. ಅದರಲ್ಲಿ 29 ಹೊರಗಿನ ಮೈದಾನಗಳಲ್ಲಿ! ಆದರೂ ಗಾಳಿ, ಗಾಳಿ ಎಂದು ರಾಗ ಎಳೆದೂ ಎಳೆದೂ ಆಟದ ಮಹನೀಯರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2020ರಲ್ಲಿ, ಹತ್ತನೇ ಹಾಗೂ ಕೊನೆಯ ಸಲದ ಮತಕ್ಕೆ. ಅಳಿಯಂದಿರ ಸಂಬಳದಲ್ಲಿ ಗಾಳಿಯ ಪಾಲೆಷ್ಟು ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಅಷ್ಟರಲ್ಲಿ ಇನ್ನೊಬ್ಬ ಎತ್ತಿ ಬಾರಿಸಿದ. ಎಲ್ಲರೂ ಎದ್ದರು. ಚೆಂಡು ಹೋಯಿತು, ಹೋಯಿತು, ಬೇಲಿಯ ಬುಡದಲ್ಲಿ ಕೈಗವಸಿನೊಳಗೆ ಬಿತ್ತು.

“ಈಗೇನಂತೀರಿ?” ಎಂದೆ.

ಅಳಿಯಂದಿರು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. “ಸಂಜೆ ತಂಪಾಯ್ತಲ್ಲ ಮಾವ, ಗಾಳಿ ಸ್ವಲ್ಪ ದಪ್ಪ ಆಗಿರತ್ತೆ.”