ಹೆಣ ಕಮ್ಮಿ ಮಾಡು ಅಂದರು ಭಾವ

ನಮ್ಮ ಭಾವ ತೀರ್ಥಹಳ್ಳಿ ರಸ್ತೆಯಲ್ಲಿ ಹೋಮ್‌ಸ್ಟೇ ಮಾಡಿದ್ದಾರೆ. ಅಡಿಕೆಯೊಂದನ್ನೇ ನಂಬಿ ಕೂರೋ ಕಾಲ ಇದಲ್ಲ ಅಂತ. ಊಟದ ಹಾಲಿನ ಗೋಡೆಗೆ ಎಂಟಡಿ ಚಿತ್ರ ಬೇಕು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಮೇಲಿರೋ ಪೊಲ್ಲಿಲೂರು ಯುದ್ಧವನ್ನೇ, ಅಂದ್ರೆ ಹೈದರ್, ಟಿಪ್ಪು ಸೇರಿ ಇಂಗ್ಲಿಷ್ ಕಂಪನಿ ಸೈನ್ಯವನ್ನು ಸೋಲಿಸಿದ್ದನ್ನೇ, ಬರೆದುಕೊಡು ಅಂದರು. ಫ್ಲೆಕ್ಸ್ ಹಾಕಿಸಿದ್ರೆ ಒಂದೇ ದಿನದ ಕೆಲಸ ಅಂದೆ. "ಫ್ಲೆಕ್ಸು ಎಲೆಕ್ಷನ್ನಿಗೆ ಮಾರಾಯ, ನೀನು ಕೈಯಲ್ಲೇ ಬರಿ." ಬೋರ್ಡ್ ಬರೆದೇ ಬದುಕಿದವನು ನಾನು. ಈಗ ಬ್ರಶ್ ಹಿಡಿ ಅನ್ನೋರೇ ಅಪರೂಪ. ಹಿಗ್ಗಿನಲ್ಲಿ ಒಪ್ಪಿಕೊಂಡುಬಿಟ್ಟೆ.

ಮೂಲ ಚಿತ್ರವನ್ನು ಚೌಕ ಚೌಕವಾಗಿ ಎತ್ತಿಕೊಳ್ಳೋಕೆ, ದಾರಕ್ಕೆ ಸೀಮೆಸುಣ್ಣ ಬಳಿದು ಚಿಮ್ಮಿಸಿ ಬಟ್ಟೆ ತುಂಬ ಚೌಕ ಹಾಕಿದೆ. ಚೌಕದ ಕೆಲಸದಲ್ಲಿ ಒಂದು ನ್ಯಾಯ ಇದೆ ನೋಡಿ. ಆನೆ ಮೇಲಿನ ದೊರೆಗೂ ಒಂದು ದಿನ, ಕೆಳಗೆ ರುಂಡ ಹಾರಿ ಬಿದ್ದಿರೋ ಸಿಪಾಯಿಗೂ ಒಂದು ದಿನ. ಶ್ರೀರಂಗಪಟ್ಟಣದ ಗೋಡೆ ಮುಂದೆ ನಿಂತಾಗ ನನ್ನ ಕಣ್ಣೂ ನೇರ ಹೈದರ್, ಟಿಪ್ಪು ಕಡೆಗೇ ಹೋಗಿತ್ತು. ಟಿಪ್ಪು ಕೈಯಲ್ಲೊಂದು ಗುಲಾಬಿ, ತೋಟ ನೋಡೋಕೆ ಹೊರಟವನ ಹಾಗೆ ಮೂಸ್ತಿದ್ದಾನೆ. ಬರೆಯೋಕೆ ಕೂತ ಮೇಲೆ ಎಂಟು ದಿನ ಬರೀ ಕುದುರೆ ಕಾಲು, ಕೆಂಪು ಕೋಟು, ಕತ್ತು.

ಪಲ್ಲಕ್ಕಿಯಲ್ಲಿರೋ, ಕಂಪನಿ ಸೈನ್ಯದ ಮುಖಂಡ ಕರ್ನಲ್ ಬೈಲಿಯ ಬೆರಳಿಗೇ ಮೂರು ಸಂಜೆ ಹೋಯ್ತು. ಸುತ್ತ ಕಂಪನಿ ಸೈನಿಕರು ಕೋಟೆ ಕಟ್ಟಿದ ಹಾಗೆ ನಿಂತಿದ್ದಾರೆ, ಮೇಲೆ ಮದ್ದಿನ ಗಾಡಿ ಸಿಡಿಯುತ್ತಿದೆ, ಗಾಯವಾದ ಈತ ಬೆರಳು ಕಚ್ಚಿಕೊಂಡು ಕೂತಿದ್ದಾನೆ. 1780ರ ಸೆಪ್ಟೆಂಬರ್ 10. ಕಂಪನಿಯ ಇನ್ನೊಬ್ಬ ದಳಪತಿ ಹೆಕ್ಟರ್ ಮನ್ರೋ ದೊಡ್ಡ ಸೈನ್ಯ ಇಟ್ಟುಕೊಂಡು ಪಕ್ಕದ ಕಂಚಿಯಲ್ಲೇ ಇದ್ದ, ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೈಲಿ ಸೆರೆ ಸಿಕ್ಕಿ ಎರಡು ವರ್ಷಕ್ಕೆ ಶ್ರೀರಂಗಪಟ್ಟಣದಲ್ಲೇ ಸತ್ತ. ಇದು ಗೆದ್ದವರು ಬರೆಸಿದ ಚಿತ್ರ, ಅಣಕಕ್ಕೇ ಆ ಬೆರಳನ್ನು ಬಾಯಿಗಿಟ್ಟಿರಬಹುದು. ಆದರೆ ಜೀರೋ ನಂಬರ್ ಬ್ರಶ್‌ನಲ್ಲಿ ಆ ಬೆರಳು ತೀಡುವಾಗ ನನಗೆ ನಗು ಬರಲಿಲ್ಲ.

(ಟಿಪ್ಪು ಪರವೋ ವಿರೋಧವೋ ಅಂತ ದಯವಿಟ್ಟು ಕೆಳಗೆ ಶುರು ಹಚ್ಚಬೇಡಿ. ನಮ್ಮ ಬಿದನೂರನ್ನು 1763ರಲ್ಲಿ ಕಿತ್ತುಕೊಂಡವನೂ ಹೈದರನೇ. ಗೊತ್ತಿದ್ದೇ ಬರೆದಿದ್ದೇನೆ.)

ಆಷಾಢದ ಮಳೆಗೆ ಬಣ್ಣ ಒಣಗದೆ ಬಟ್ಟೆಯ ಬೆನ್ನಿಗೆ ಬೂಷ್ಟು ಬಂತು. ಬಚ್ಚಲೊಲೆ ಹತ್ತಿರ ಹರವಿದೆ. ಬೂಷ್ಟು ಹೋಯ್ತು, ಹೊಗೆ ಹಿಡಿದು ಒಂದು ಬಿಳಿ ಕುದುರೆ ಕಂದು ಕುದುರೆಯಾಯ್ತು. ಅದನ್ನು ಹಾಗೇ ಬಿಟ್ಟಿದ್ದೇನೆ.

ನೋಡೋಕೆ ಬಂದವರದ್ದೆಲ್ಲ ಒಂದೇ ರಾಗ: "ಚೆನ್ನಾಗಿದೆ, ಆದ್ರೆ ಕಾಪಿ ಅಲ್ವ?" ಅಲ್ಲ ಸ್ವಾಮಿ, ಶ್ರೀರಂಗಪಟ್ಟಣದ ಗೋಡೆ ಮೇಲಿರೋದಾದ್ರೂ ಎಂತದು? ಅರಮನೆ 1784ರದ್ದು. ಇಂಗ್ಲಿಷರ ಮುತ್ತಿಗೆಗೆ ಮುಂಚೆ ಟಿಪ್ಪುವೇ ಚಿತ್ರ ಅಳಿಸಿದ್ದ ಅಂತಾರೆ. 1799ರಲ್ಲಿ ಟಿಪ್ಪು ಸತ್ತ ನಂತರ ಅಲ್ಲಿ ವಾಸ ಮಾಡಿದ ಇಂಗ್ಲಿಷ್ ಕರ್ನಲ್ ವೆಲ್ಲೆಸ್ಲಿ ಮತ್ತೆ ಬರೆಸಿದ. ಪುನಃ ಸುಣ್ಣ ಬಿತ್ತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಹಳೆಯ ಚಿತ್ರದ ನೆನಪಿದ್ದ ಇಲ್ಲಿಯದೇ ಒಬ್ಬ ಚಿತ್ರಗಾರನ ಕೈಯಲ್ಲಿ ಇನ್ನೊಂದು ಸಲ ಬರೆಸಿದ. ಸೋತವರ ಕಡೆಯ ಸಾಹೇಬರೇ ತಮ್ಮ ಸೋಲನ್ನು ಎರಡೆರಡು ಸಲ ಬರೆಸಿಟ್ಟಿದ್ದಾರೆ! ಇದೇ ಯುದ್ಧವನ್ನು ಕಾಗದದ ಮೇಲೆ ಎತ್ತಿಕೊಂಡ ಒಂದು ಚಿತ್ರ, 32 ಅಡಿ ಉದ್ದದ್ದು, 2022ರಲ್ಲಿ ಲಂಡನ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯ್ತು. ಅಲ್ಲಿ ಯಾರೂ ಕಾಪಿ ಅಂತ ಮೂಗು ಮುರಿದ ಹಾಗಿಲ್ಲ.

ಮುಗಿಯೋ ಹೊತ್ತಿಗೆ ಭಾವ ಬಂದರು. ಸೊಂಟಕ್ಕೆ ಕೈ ಕೊಟ್ಟು ತುಂಬ ಹೊತ್ತು ನೋಡಿದರು. "ಅಲ್ಲ ಮಾರಾಯ, ಜನ ಊಟ ಮಾಡೋ ಜಾಗ. ಈ ಹೆಣ ಸ್ವಲ್ಪ ಕಮ್ಮಿ ಮಾಡು. ರುಂಡ ಇದ್ದಲ್ಲಿ ಹುಲ್ಲು ಬರಿ."

"ಹೆಣ ತೆಗೆದ್ರೆ ಯುದ್ಧ ಅಲ್ಲ ಭಾವ, ದಸರಾ ಮೆರವಣಿಗೆ ಆಗ್ತದೆ. ಮೆರವಣಿಗೆನೂ ಅದೇ ಗೋಡೆಯಲ್ಲಿದೆ, ಅದನ್ನೇ ಕೇಳಬಹುದಿತ್ತು."

"ಅದ್ರಲ್ಲಿ ಫೋರ್ಸ್ ಇಲ್ಲ."

ಫೋರ್ಸ್ ಬೇಕು, ಹೆಣ ಬೇಡ. ಈಗಿನ ಯುದ್ಧದ ಪೋಸ್ಟರ್‌ಗಳೆಲ್ಲ ಇದೇ ಲೆಕ್ಕದಲ್ಲಿ ತಯಾರಾಗ್ತವೆ: ಮೀಸೆ, ಕತ್ತಿ, ಹಿಂದೆ ಬೆಂಕಿ. ನಮ್ಮ ಕಡೆ ಕೆರೆ ಏರಿ ಮೇಲೆ ಪಾಚಿ ಹಿಡಿದು ನಿಂತಿರೋ ವೀರಗಲ್ಲು ನೋಡಿ. ಮೇಲಿನ ಪಟ್ಟಿಕೆಯಲ್ಲಿ ಕೈಲಾಸ, ನಡುವೆ ಅಪ್ಸರೆಯರು, ಕೆಳಗೆ ಕಾದಾಟ. ವೀರನನ್ನು ಎಷ್ಟೇ ಎತ್ತರಕ್ಕೆ ಕಳಿಸಲಿ, ಕೆಳಗಿನ ಪಟ್ಟಿಕೆಯನ್ನು ಕಲ್ಲುಕುಟಿಗ ಖಾಲಿ ಬಿಡಲಿಲ್ಲ.

ನಾನೇನು ದೊಡ್ಡ ಸತ್ಯಸಂಧ ಅಂತಲ್ಲ. ನೆನಪಿನಿಂದ ಬರೆದ ಆ ಚಿತ್ರಗಾರ ಎಷ್ಟು ತಲೆ ಕೂಡಿಸಿದನೋ, ಎಷ್ಟು ಕಳೆದನೋ. ನನ್ನದೇ ಒಂದು ಕುದುರೆ ಬಣ್ಣ ಬದಲಿಸಿದೆ. ಆದರೆ ಕೈತಪ್ಪು ಬೇರೆ, ಬೇಕಂತಲೇ ಹುಲ್ಲು ಬೆಳೆಸೋದು ಬೇರೆ. ಒಂದು ರುಂಡವನ್ನೂ ಮುಟ್ಟಲಿಲ್ಲ.

ಚಿತ್ರ ಈಗ ಊಟದ ಹಾಲ್ ಬಿಟ್ಟು, ಕೀ ಕೊಡೋ ಮೇಜಿನ ಹಿಂದೆ ತೂಗ್ತಿದೆ. ಬಂದವರು ಟಿಪ್ಪು ಪಕ್ಕ ನಿಂತು ಸೆಲ್ಫಿ ತೆಗೀತಾರಂತೆ. ಬಾಕಿ ದುಡ್ಡು ಕೇಳಿದ್ರೆ ಭಾವ ಇನ್ನೂ ಹೆಣದ ವಿಷಯವೇ ತೆಗೀತಾರೆ.